ಅಮೆರಿಕದ ಕ್ರಿಶ್ಚಿಯನ್ ಕಾಲೇಜಿಗೆ ಹೊರಟವರಿಗೆ: ಚಾಪೆಲ್ ಹಾಜರಿ, ಬೈಬಲ್ ಪೇಪರು, ಒಗ್ಗರಣೆ ಹೊಗೆ

ಮೈಸೂರಿನಲ್ಲಿ ‘ಕ್ರಿಶ್ಚಿಯನ್ ಕಾಲೇಜು’ ಅಂದರೆ ಸೇಂಟ್ ಫಿಲೋಮಿನಾ ಥರದ್ದು ಅಂತಲೇ ಎಲ್ಲರೂ ಅಂದುಕೊಳ್ಳುವುದು. ಶಿಸ್ತು ಜಾಸ್ತಿ, ಪಾಠ ಚೆನ್ನಾಗಿ, ಯಾವ ಧರ್ಮದವರಾದರೂ ಸರಿ. ಅಮೆರಿಕದಲ್ಲಿ ಇದೇ ಹೆಸರಿನಡಿ ಮೂರು ಬಗೆ ಕಾಲೇಜುಗಳಿವೆ. ನಿಮ್ಮದು ಯಾವ ಬಗೆ ಅನ್ನುವುದು ಡೆಪಾಸಿಟ್ ಕಟ್ಟುವ ಮೊದಲೇ ಗೊತ್ತಿರಬೇಕು.

ಮೊದಲನೆಯ ಬಗೆಯಲ್ಲಿ ವಿದ್ಯಾರ್ಥಿಯೇ ಕ್ರೈಸ್ತ ವಿಶ್ವಾಸಿಯಾಗಿರಬೇಕು. ಇಲಿನಾಯ್ ರಾಜ್ಯದ ವೀಟನ್ ಕಾಲೇಜು ಹೀಗೆ. ಅಲ್ಲಿ ಎಲ್ಲರೂ ನಡವಳಿಕೆಯ ಒಡಂಬಡಿಕೆಯೊಂದನ್ನು ಒಪ್ಪಿಕೊಳ್ಳುತ್ತಾರೆ. ಎರಡನೆಯ ಬಗೆ ಎಲ್ಲರನ್ನೂ ಸೇರಿಸಿಕೊಳ್ಳುತ್ತದೆ, ಆದರೆ ಚಾಪೆಲ್ (ಕಾಲೇಜಿನ ಪ್ರಾರ್ಥನಾ ಸಭೆ) ಹಾಜರಿಯನ್ನೋ ಬೈಬಲ್ ಪೇಪರನ್ನೋ ಬಿಡುವುದಿಲ್ಲ. ಟೆಕ್ಸಾಸಿನ ಬೇಲರ್ ಇದಕ್ಕೆ ಉದಾಹರಣೆ. ಮೂರನೆಯದು ಕ್ಯಾಥೊಲಿಕ್ ವಿಶ್ವವಿದ್ಯಾಲಯಗಳು, 1789ರಲ್ಲಿ ಶುರುವಾದ ಜಾರ್ಜ್‌ಟೌನ್‌ನಂಥ ಜೆಸ್ಯೂಟ್ (ಕ್ಯಾಥೊಲಿಕ್ ಗುರುಗಳ ಒಂದು ಸಂಘ) ಸಂಸ್ಥೆಗಳೂ ಸೇರಿ. ಇಲ್ಲಿ ಬಲಿಪೂಜೆಗೆ ಬಾ ಅಂತ ಯಾರೂ ಬಲವಂತ ಮಾಡುವುದಿಲ್ಲ, ಆದರೆ ಥಿಯಾಲಜಿ, ಅಂದರೆ ದೇವರು-ಧರ್ಮದ ಅಧ್ಯಯನದ ಕೋರ್ಸ್ ಸಾಮಾನ್ಯವಾಗಿ ತಪ್ಪುವುದಿಲ್ಲ. ಮತಕ್ಕಿಂತ ಹಾಸ್ಟೆಲ್ ನಿಯಮ ಬಿಗಿ ಇರುವುದೂ ಉಂಟು. ಕ್ಯಾಥೊಲಿಕ್ ವಿಶ್ವವಿದ್ಯಾಲಯವಾದ ನೋಟರ್‌ಡೇಮ್‌ನಲ್ಲಿ ಹುಡುಗರಿಗೂ ಹುಡುಗಿಯರಿಗೂ ಬೇರೆ ಬೇರೆ ಹಾಲ್‌ಗಳು, ಪರಸ್ಪರ ಕೋಣೆಗೆ ಹೋಗಲು ಗೊತ್ತಾದ ಸಮಯ.

ಅಡ್ಮಿಷನ್ ಕಚೇರಿಗೆ ಒಂದು ಇಮೇಲ್ ಹಾಕಿ, ನಾಲ್ಕೇ ಪ್ರಶ್ನೆ ಕೇಳಿ. ವಿಶ್ವಾಸದ ಹೇಳಿಕೆಗೆ ಸಹಿ ಹಾಕಬೇಕೆ? ಚಾಪೆಲ್ ಸೆಮಿಸ್ಟರಿಗೆ ಎಷ್ಟು ಸಲ, ಎಷ್ಟು ವರ್ಷ? ಡಿಗ್ರಿಗೆ ಬೈಬಲ್ ಅಥವಾ ಥಿಯಾಲಜಿ ಕ್ರೆಡಿಟ್ ಎಷ್ಟು? ಕ್ರಿಸ್‌ಮಸ್ ರಜೆಯಲ್ಲಿ ಹಾಸ್ಟೆಲ್ ತೆರೆದಿರುತ್ತದೆಯೆ? ಉತ್ತರ ಬರಹದಲ್ಲೇ ಬರಲಿ. ಫೋನಿನಲ್ಲಿ ಎಲ್ಲರೂ ‘ಯೂ ವಿಲ್ ಬಿ ಫೈನ್’ ಅನ್ನುತ್ತಾರೆ. ನಂಬಿಕೆ ಇಲ್ಲದ ಹೇಳಿಕೆಗೆ ಸೀಟಿಗೋಸ್ಕರ ಸಹಿ ಹಾಕಬೇಡಿ, ಆ ಸಹಿಯನ್ನು ನಾಲ್ಕು ವರ್ಷ ಹೊತ್ತು ತಿರುಗಬೇಕಾಗುತ್ತದೆ.

ಹೆಸರು ಮತ್ತು ಹಣ

ನಮ್ಮ ಕಡೆಯವರಿಗೆ ಮೊದಲ ಎಡವಟ್ಟು ಇನಿಷಿಯಲ್‌ನಿಂದ. ಮಾರ್ಕ್ಸ್ ಕಾರ್ಡಿನಲ್ಲಿ ‘ಸುನಿಲ್ ಎಂ.ಎಸ್.’, ಪಾಸ್‌ಪೋರ್ಟಿನಲ್ಲಿ ಬರೀ ‘ಸುನಿಲ್’, ಸರ್‌ನೇಮ್ ಜಾಗ ಖಾಲಿ. ಹೀಗಿದ್ದರೆ ಅಮೆರಿಕದ ವೀಸಾದಲ್ಲಿ ‘ಸುನಿಲ್’ ಸರ್‌ನೇಮ್ ಆಗಿ, ಮೊದಲ ಹೆಸರಿನ ಜಾಗಕ್ಕೆ ‘ಎಫ್‌ಎನ್‌ಯು’ ಬಂದು ಕೂರುತ್ತದೆ, ಅಂದರೆ ಮೊದಲ ಹೆಸರು ಗೊತ್ತಿಲ್ಲ ಅಂತ. ಆಮೇಲೆ ಬ್ಯಾಂಕ್ ಖಾತೆ, ಡ್ರೈವಿಂಗ್ ಲೈಸೆನ್ಸ್ ಎಲ್ಲೆಲ್ಲೂ ಅದೇ ಹಿಂಬಾಲಿಸುತ್ತದೆ. ಆದ್ದರಿಂದ ಕಾಲೇಜಿಗೆ ಅರ್ಜಿ ಹಾಕುವ ಮೊದಲೇ ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ ಬಿಡಿಸಿ ಬರೆಸಿ, ಎರಡೂ ಜಾಗ ತುಂಬಿಸಿ. ಅಂಚೆ ಕಚೇರಿಯ ಪಾಸ್‌ಪೋರ್ಟ್ ಸೇವಾ ಕೇಂದ್ರ 2017ರಲ್ಲೇ ಮೈಸೂರಿಗೆ ಬಂದಿದೆ.

ಎರಡನೆಯದು ಜಮೀನು. ಮಂಡ್ಯದ ಕಡೆ ಎಷ್ಟೋ ಮನೆಗಳಲ್ಲಿ ಆಸ್ತಿ ಗದ್ದೆಯಲ್ಲಿರುತ್ತದೆ, ಬ್ಯಾಂಕಿನಲ್ಲಿರುವುದಿಲ್ಲ. ಐ-20 ಪತ್ರ (ವಿದ್ಯಾರ್ಥಿ ವೀಸಾಕ್ಕೆ ಬೇಕಾದ ಕಾಲೇಜಿನ ದಾಖಲೆ) ಕೊಡಲು ಕಾಲೇಜು ನೋಡುವುದು ಮೊದಲ ವರ್ಷದ ಪೂರ್ತಿ ಖರ್ಚಿಗೆ ಕೈಗೆಟುಕುವ ಹಣ: ಉಳಿತಾಯ, ಎಫ್‌ಡಿ, ಮಂಜೂರಾದ ಸಾಲ. ಪಹಣಿ ತೋರಿಸಿದರೆ ಸಾಲದು. ಕೃಷಿ ಆದಾಯಕ್ಕೆ ತೆರಿಗೆ ಇಲ್ಲದ್ದರಿಂದ ಐಟಿ ರಿಟರ್ನ್ಸ್‌ನಲ್ಲಿ ಮೊತ್ತ ಚಿಕ್ಕದಾಗಿ ಕಾಣುತ್ತದೆ. ವೀಸಾ ಸಂದರ್ಶನದಲ್ಲಿ ‘ಅಪ್ಪ ಏನು ಮಾಡುತ್ತಾರೆ’ ಅಂದಾಗ ತಡವರಿಸುವುದು ಇಲ್ಲೇ. ಕಬ್ಬಿನ ಬಿಲ್ಲು ಜಮೆಯಾದ ಖಾತೆಯ ಸ್ಟೇಟ್‌ಮೆಂಟ್ ಜೊತೆಗಿಟ್ಟುಕೊಂಡು, ಎಷ್ಟು ಎಕರೆ, ವರ್ಷಕ್ಕೆ ಎಷ್ಟು ಬರುತ್ತದೆ ಅನ್ನುವುದನ್ನು ಎರಡು ವಾಕ್ಯದಲ್ಲಿ ಹೇಳಲು ಕಲಿಯಿರಿ. ಸೆವಿಸ್ (ವಿದೇಶಿ ವಿದ್ಯಾರ್ಥಿಗಳ ಸರ್ಕಾರಿ ದಾಖಲೆ ವ್ಯವಸ್ಥೆ) ಶುಲ್ಕ 350 ಡಾಲರ್, ವೀಸಾ ಅರ್ಜಿ ಶುಲ್ಕ 185 ಡಾಲರ್, ಎರಡೂ ಬೇರೆ ಬೇರೆ. ವೀಸಾ ಸಿಕ್ಕರೂ ಐ-20ರಲ್ಲಿರುವ ಆರಂಭದ ದಿನಕ್ಕೆ 30 ದಿನಕ್ಕಿಂತ ಮುಂಚೆ ಅಲ್ಲಿ ಇಳಿಯುವಂತಿಲ್ಲ.

ಚಾಪೆಲ್

ಮತಾಂತರದ ಭಯವನ್ನು ಅಜ್ಜಿ ತಾತಂದಿರಿಗೆ ಬಿಡಿ. ನಿಜವಾದ ತೊಂದರೆ ಬರುವುದು ಹಾಜರಿ ಲೆಕ್ಕದಲ್ಲಿ. ಕಡ್ಡಾಯ ಇರುವ ಕಡೆ ಬಾಗಿಲಲ್ಲಿ ಐಡಿ ಕಾರ್ಡ್ ಉಜ್ಜಬೇಕು, ಅಥವಾ ಆ್ಯಪ್‌ನಲ್ಲಿ ಹಾಜರಿ ಹಾಕಬೇಕು. ತಡವಾದರೆ ಲೆಕ್ಕಕ್ಕಿಲ್ಲ. ಕೆಲವೆಡೆ ಹೊರಗೆ ಹೋಗುವಾಗಲೂ ಉಜ್ಜಬೇಕು, ಅದನ್ನು ಮರೆತರೆ ಕೂತಿದ್ದೂ ವ್ಯರ್ಥ. ಕಡಿಮೆ ಬಿದ್ದರೆ ಕಾಲೇಜಿಗೆ ತಕ್ಕಂತೆ ದಂಡ, ಇಲ್ಲವೆ ಮುಂದಿನ ಸೆಮಿಸ್ಟರಿನ ರಿಜಿಸ್ಟ್ರೇಷನ್‌ಗೆ ತಡೆ.

ಸೆಮಿಸ್ಟರಿಗೆ 30 ಬೇಕು, ವಾರಕ್ಕೆ ಮೂರು ನಡೆಯುತ್ತವೆ ಅಂದುಕೊಳ್ಳಿ. 15 ವಾರಕ್ಕೆ 45 ಅವಕಾಶ. ಹೊಸಬರು ‘ಹದಿನೈದು ತಪ್ಪಿಸಬಹುದು’ ಅಂತ ಮೊದಲ ಎರಡು ತಿಂಗಳಲ್ಲೇ ಅಷ್ಟನ್ನೂ ಮುಗಿಸುತ್ತಾರೆ. ಆಮೇಲೆ ನವೆಂಬರಿನಲ್ಲಿ ಜ್ವರ ಬರುತ್ತದೆ. ಮೊದಲ ಹತ್ತು ವಾರ ಮೂರಕ್ಕೆ ಮೂರೂ ಹೋಗಿ ಮುಗಿಸಿಬಿಡಿ, ಪರೀಕ್ಷೆಯ ವಾರಗಳು ಖಾಲಿ ಸಿಗುತ್ತವೆ. ಕ್ಯಾಂಪಸ್ ಕೆಲಸ ಹಿಡಿಯುವಾಗ ಆ ಹೊತ್ತಿನ ಶಿಫ್ಟ್ ಒಪ್ಪಿಕೊಳ್ಳಬೇಡಿ.

ಒಳಗೆ ಹೇಗಿರಬೇಕು? ಎಲ್ಲರೂ ಎದ್ದರೆ ಏಳಿ, ಕೂತರೆ ಕೂರಿ. ಹಾಡಲೇಬೇಕೆಂದಿಲ್ಲ. ಫೋನ್ ಒಳಗಿಡಿ, ಲ್ಯಾಪ್‌ಟಾಪ್ ತೆಗೆಯಬೇಡಿ. ಕಮ್ಯುನಿಯನ್, ಅಂದರೆ ರೊಟ್ಟಿ ದ್ರಾಕ್ಷಾರಸ ಹಂಚುವ ವಿಧಿ, ಬಂದಾಗ ಮಾತ್ರ ಎಚ್ಚರ. ನಾವು ಪ್ರಸಾದ ಅಂದರೆ ಕೈ ಒಡ್ಡುವವರು, ಅಲ್ಲಿ ಹಾಗಲ್ಲ. ಕ್ಯಾಥೊಲಿಕ್ ಪೂಜೆಯಲ್ಲಿ ಪರಮಪ್ರಸಾದ ಅವರ ಸಭೆಯವರಿಗೆ ಮಾತ್ರ. ಜಾಗದಲ್ಲೇ ಕೂತಿರಿ, ಅಥವಾ ಸಾಲಿನಲ್ಲಿ ಹೋಗಿ ಎದೆಯ ಮೇಲೆ ಕೈ ಅಡ್ಡ ಕಟ್ಟಿಕೊಂಡರೆ ಗುರುಗಳು ಆಶೀರ್ವದಿಸಿ ಕಳಿಸುತ್ತಾರೆ. ಬೇರೆ ಕಡೆ ತಟ್ಟೆ ಸಾಲಾಗಿ ಕೈಯಿಂದ ಕೈಗೆ ಬಂದರೆ ಏನೂ ತೆಗೆದುಕೊಳ್ಳದೆ ಪಕ್ಕದವರಿಗೆ ದಾಟಿಸಿ. ಯಾರೂ ಏನೂ ಅಂದುಕೊಳ್ಳುವುದಿಲ್ಲ.

‘ನಿನಗಾಗಿ ಪ್ರಾರ್ಥಿಸಲೆ’ ಅಂತ ರೂಮ್‌ಮೇಟ್ ಕೇಳಿದರೆ ಅದು ಬಹುಮಟ್ಟಿಗೆ ನಮ್ಮ ‘ದೇವರು ಒಳ್ಳೇದು ಮಾಡ್ಲಿ’ ಇದ್ದ ಹಾಗೆ. ಥ್ಯಾಂಕ್ಸ್ ಹೇಳಿ ಮುಗಿಸಿ. ಭಾನುವಾರ ಚರ್ಚಿಗೆ ಕರೆದರೆ ಹೋಗಲಿ ಬಿಡಲಿ ನಿಮ್ಮಿಷ್ಟ, ಆದರೆ ಹೊರಡುವ ಮೊದಲು ವಾಪಸ್ ಯಾವಾಗ ಅಂತ ಕೇಳಿ. ಊಟವೂ ಸೇರಿ ಮಧ್ಯಾಹ್ನ ಮೂರಾದರೆ, ಬಸ್ಸಿಲ್ಲದ ಊರಿನಲ್ಲಿ ಅವರ ಕಾರೇ ಗತಿ.

ಬೈಬಲ್ ಪೇಪರು

ಇದು ಭಕ್ತಿಯ ಪರೀಕ್ಷೆಯಲ್ಲ. ಯಾರು, ಯಾವಾಗ, ಯಾರಿಗಾಗಿ ಬರೆದರು, ಭಾಗದ ರಚನೆ ಹೇಗಿದೆ ಅಂತ ಬರೆದರೆ ಅಂಕ. ‘ಎಲ್ಲ ಧರ್ಮಗಳೂ ಒಂದೇ ಹೇಳುತ್ತವೆ’ ಅನ್ನುವ ಪ್ಯಾರಾಕ್ಕೆ ಅಂಕ ಇಲ್ಲ. ಸಿಲಬಸ್ಸಿನಲ್ಲಿ ಹೇಳಿದ ಅನುವಾದವನ್ನೇ ಬಳಸಿ. ಬೇರೆ ಅನುವಾದದಲ್ಲಿ ಮಾತು ಬದಲಾಗಿ, ಉಲ್ಲೇಖ ತಪ್ಪೆನಿಸುತ್ತದೆ. ಪ್ರೊಟೆಸ್ಟೆಂಟ್ ಬೈಬಲ್‌ನಲ್ಲಿ 66 ಪುಸ್ತಕ, ಕ್ಯಾಥೊಲಿಕ್‌ನಲ್ಲಿ 73.

ಇಂಗ್ಲಿಷ್ ಓದು ಭಾರವಾದರೆ ಹಿಂದಿನ ರಾತ್ರಿ ಅದೇ ಅಧ್ಯಾಯವನ್ನು ಕನ್ನಡ ಸತ್ಯವೇದದಲ್ಲಿ (ಕನ್ನಡ ಬೈಬಲ್) ಓದಿಕೊಳ್ಳಿ, ಅರ್ಧ ಹೊತ್ತಿನಲ್ಲಿ ಕಥೆ ಕೈಗೆ ಸಿಗುತ್ತದೆ. ಹೆಸರುಗಳ ಪಟ್ಟಿಯೊಂದನ್ನು ಮಾತ್ರ ಮಾಡಿಟ್ಟುಕೊಳ್ಳಿ. ಜೆನೆಸಿಸ್ ನಮ್ಮಲ್ಲಿ ಆದಿಕಾಂಡ, ಎಕ್ಸೋಡಸ್ ವಿಮೋಚನಕಾಂಡ, ಜಾನ್ ಯೋಹಾನ, ಪೀಟರ್ ಪೇತ್ರ. ಮೋಸ ಹೋಗುವುದು ಯಾಕೋಬನಲ್ಲಿ: ಹಳೆ ಒಡಂಬಡಿಕೆಯ ಜೇಕಬ್ಬೂ ಯಾಕೋಬ, ಹೊಸದರ ಜೇಮ್ಸೂ ಯಾಕೋಬ.

ಕೋಣೆ, ಅಡುಗೆ, ಊಟ

ಮೈಸೂರಿನವರ ಪೆಟ್ಟಿಗೆಯಲ್ಲಿ ಊದುಬತ್ತಿ ಇಲ್ಲದಿರುವುದುಂಟೆ! ಆದರೆ ಹಾಸ್ಟೆಲ್ ಕೋಣೆಯಲ್ಲಿ ಊದುಬತ್ತಿ, ದೀಪ, ಮೇಣದಬತ್ತಿ ಸಾಮಾನ್ಯವಾಗಿ ನಿಷಿದ್ಧ. ಇದು ಧರ್ಮದ ಕಾರಣಕ್ಕಲ್ಲ, ಬೆಂಕಿಯ ಕಾರಣಕ್ಕೆ. ಪೂಜೆಗೆ ಬ್ಯಾಟರಿ ದೀಪ ಸಾಕು.

ಇಲ್ಲಿಂದ ರೈಸ್ ಕುಕ್ಕರ್ ಒಯ್ಯಬೇಡಿ. ನಮ್ಮದು 230 ವೋಲ್ಟ್, ಅವರದು 120. ವೋಲ್ಟೇಜ್ ಅರ್ಧವಾದರೆ ಕಾವು ಕಾಲು ಭಾಗಕ್ಕೆ ಇಳಿಯುತ್ತದೆ: 700 ವಾಟ್‌ನ ಕುಕ್ಕರ್ ಅಲ್ಲಿ ಸುಮಾರು 190 ವಾಟ್ ಕೊಡುತ್ತದೆ. ಅಕ್ಕಿ ಬೇಯುವುದಿಲ್ಲ, ನೆನೆದು ಮುದ್ದೆಯಾಗುತ್ತದೆ. ಪಿನ್ ಬದಲಿಸುವ ಅಡಾಪ್ಟರ್ ಇದನ್ನು ಸರಿಮಾಡುವುದಿಲ್ಲ. ಅಲ್ಲೇ ಕೊಳ್ಳಿ, ಕೋಣೆಯಲ್ಲಿ ಇಡಬಹುದೇ ಅಂತ ಮೊದಲು ಕೇಳಿ.

ಮಹಡಿಯ ಅಡುಗೆಮನೆಯಲ್ಲಿ ಒಗ್ಗರಣೆ ಹಾಕುವಾಗ ಎಣ್ಣೆ ಹೊಗೆಯಾಡುವವರೆಗೆ ಕಾಯಿಸಬೇಡಿ. ಹೊಗೆ ಪತ್ತೆಯಂತ್ರ ಕೂಗಿದರೆ ಇಡೀ ಕಟ್ಟಡ ಚಳಿಯಲ್ಲಿ ಹೊರಗೆ ನಿಲ್ಲುತ್ತದೆ, ಅಗ್ನಿಶಾಮಕದವರೂ ಬರಬಹುದು. ಸಣ್ಣ ಉರಿಯಲ್ಲಿ ಸಾಸಿವೆ ಹಾಕಿ, ತಕ್ಷಣ ಮುಚ್ಚಳ ಮುಚ್ಚಿ, ಸಿಡಿಯುವುದು ನಿಂತ ಮೇಲೆ ಒಲೆ ಆರಿಸಿ ಒಣಮೆಣಸಿನಕಾಯಿ ಹಾಕಿ. ಮೆಣಸಿನಕಾಯಿ ಘಾಟು ಎದ್ದರೆ ಹೊಗೆಗಿಂತ ಮೊದಲು ಪಕ್ಕದ ಕೋಣೆಯವರು ಎದ್ದು ಬರುತ್ತಾರೆ.

ಸಾರಿನ ಪುಡಿ, ಚಟ್ನಿಪುಡಿ, ವಾಂಗೀಬಾತ್ ಪುಡಿ ಒಯ್ಯಬಹುದು. ಎಲ್ಲವನ್ನೂ ಚೆಕ್-ಇನ್ ಪೆಟ್ಟಿಗೆಗೆ ಹಾಕಿ. ಕ್ಯಾಬಿನ್‌ನಲ್ಲಿ 350 ಮಿಲಿ ಲೀಟರಿಗಿಂತ ಹೆಚ್ಚಿನ ಪುಡಿಯನ್ನು ತಡೆದು ನೋಡುತ್ತಾರೆ. ಅಕ್ಕಿ, ಹಸಿ ಕರಿಬೇವು, ವೀಳ್ಯದೆಲೆ, ನಂಜನಗೂಡು ರಸಬಾಳೆ ಬೇಡವೇ ಬೇಡ. ಕರಿಬೇವು ಕಿತ್ತಳೆ ಜಾತಿಯ ಗಿಡಗಳಿಗೆ ರೋಗ ತರುತ್ತದೆಂದು ತಡೆದಿದ್ದಾರೆ. ತಿನ್ನುವ ಪದಾರ್ಥ ಏನೇ ಇದ್ದರೂ ಅಲ್ಲಿ ಇಳಿದಾಗ ಕಸ್ಟಮ್ಸ್ ಫಾರಂನಲ್ಲೋ ಅಧಿಕಾರಿಗೋ ಹೇಳಿಬಿಡಿ. ಹೇಳಿದರೆ ಹೆಚ್ಚೆಂದರೆ ಕಸಕ್ಕೆ ಹಾಕುತ್ತಾರೆ, ಮುಚ್ಚಿಟ್ಟರೆ ದಂಡ.

ಕ್ಯಾಂಟೀನಿನಲ್ಲಿ ಸಸ್ಯಾಹಾರಿಗಳು ‘ವೆಜಿಟೇರಿಯನ್’ ಅಂದಷ್ಟಕ್ಕೆ ನಿಲ್ಲಬಾರದು. ತರಕಾರಿ ಸೂಪಿಗೆ ಕೋಳಿ ಸಾರು, ಬೇಯಿಸಿದ ಬೀನ್ಸ್‌ಗೆ ಹಂದಿ ಕೊಬ್ಬು, ಜೆಲ್ಲಿಗೆ ಪ್ರಾಣಿಗಳಿಂದ ತೆಗೆದ ಜೆಲಟಿನ್, ಸೀಸರ್ ಸಲಾಡಿಗೆ ಮೀನು ಸೇರಿರಬಹುದು. ಅನುಮಾನವಿದ್ದರೆ ‘ವೀಗನ್’ (ಹಾಲು, ಮೊಟ್ಟೆ ಕೂಡ ಇಲ್ಲದ್ದು) ಅಂತ ಕೇಳಿ.

ಕೆಲಸ ಮತ್ತು ರಜೆ

ಪಾಠ ನಡೆಯುವಾಗ ಕ್ಯಾಂಪಸ್ಸಿನಲ್ಲಿ ವಾರಕ್ಕೆ 20 ಗಂಟೆ ದುಡಿಯಬಹುದು. ಈ ಬಗೆಯ ಕಾಲೇಜುಗಳಲ್ಲಿ ಒಂದು ವಿಶೇಷ ಬಲೆ ಇದೆ: ಚರ್ಚಿನಲ್ಲಿ ಪರಿಚಯವಾದ ಒಳ್ಳೆಯ ಕುಟುಂಬ ‘ಮಗು ನೋಡ್ಕೋ, ದುಡ್ಡು ಕೊಡ್ತೀವಿ’ ಅನ್ನುತ್ತದೆ. ಅವರಿಗೆ ಅದು ಪ್ರೀತಿ. ಎಫ್-1 (ವಿದ್ಯಾರ್ಥಿ) ವೀಸಾದವರಿಗೆ ಅದು ಪರವಾನಗಿ ಇಲ್ಲದ ಕೆಲಸ, ಕೈಗೆ ಕೊಟ್ಟ ನಗದೂ ಲೆಕ್ಕಕ್ಕೆ ಬರುತ್ತದೆ. ವಸಂತ ರಜೆಯ ಸೇವಾ ಪ್ರವಾಸ ಬೇರೆ ದೇಶಕ್ಕಿದ್ದರೆ, ಐ-20ರ ಮೇಲೆ ಅಂತರರಾಷ್ಟ್ರೀಯ ವಿದ್ಯಾರ್ಥಿ ಕಚೇರಿಯ ಪ್ರಯಾಣ ಸಹಿ ಒಂದು ವರ್ಷದೊಳಗಿನದೇ ನೋಡಿ. ಹೋಗುವುದು ಸುಲಭ, ಒಳಗೆ ಬಿಡುವಾಗ ಕೇಳುತ್ತಾರೆ.

ದಸರೆಗೆ ರಜೆ ಇಲ್ಲ. ಆಯುಧಪೂಜೆಯ ದಿನ ಪರೀಕ್ಷೆ ಬಿದ್ದಿದೆಯೇ ಅಂತ ಸಿಲಬಸ್ ಕೈಗೆ ಬಂದ ವಾರವೇ ನೋಡಿ, ಆಗಲೇ ಮೇಷ್ಟ್ರಿಗೆ ಬರೆದರೆ ದಿನ ಬದಲಿಸಿ ಕೊಡುವ ಸಾಧ್ಯತೆ ಹೆಚ್ಚು. ಹಿಂದಿನ ದಿನ ಬರೆದರೆ ನೆಪ ಅನ್ನಿಸುತ್ತದೆ. ಕ್ರಿಸ್‌ಮಸ್‌ಗೆ ಚಿಕ್ಕ ಕಾಲೇಜುಗಳು ಹಾಸ್ಟೆಲ್ಲನ್ನೂ ಊಟವನ್ನೂ ಎರಡು ಮೂರು ವಾರ ಮುಚ್ಚಿಬಿಡಬಹುದು. ಉಳಿಯುವ ಅರ್ಜಿಗೆ ಕೊನೆಯ ದಿನ ಬೇಗನೆ ಇರುತ್ತದೆ, ಅಕ್ಟೋಬರಿನಲ್ಲೇ ವಿಚಾರಿಸಿ. ಆತಿಥೇಯ ಕುಟುಂಬದ ಮನೆಗೆ ಹೋಗುವುದಾದರೆ ಒಂದು ಪೊಟ್ಟಣ ಮೈಸೂರು ಪಾಕ್ ತೆಗೆದಿಟ್ಟಿರಿ. ತುಪ್ಪದ ತಿಂಡಿ ಅಂತ ಮೊದಲೇ ಹೇಳಿ ಕೊಡಿ, ಹಾಲಿನ ಪದಾರ್ಥ ಆಗದವರೂ ಅಲ್ಲಿ ಇರುತ್ತಾರೆ.