ಮಗು ಕೆಮ್ಮಿದರೆ ಅರ್ಧ ಗೆದ್ದ ಹಾಗೆ

ಎದೆಯ ಆಪರೇಷನ್ ಆದ ಮಗುವಿನ ಹತ್ತಿರ ಹೋದಾಗ ನಾನು ಮೊದಲು ಅದರ ಉಸಿರು ನೋಡುತ್ತೇನೆ. ಪಕ್ಕೆಲುಬು ಅಲ್ಲಾಡಿದರೆ ನೋವು. ಹಾಗಾಗಿ ಮಗು ಮೇಲೆ ಮೇಲೆ ಸಣ್ಣದಾಗಿ ಉಸಿರಾಡುತ್ತದೆ. ಕೆಮ್ಮು ಬಂದರೂ ತಡೆದುಕೊಳ್ಳುತ್ತದೆ. ಕಫ ಅಲ್ಲೇ ಕೂರುತ್ತದೆ, ಶ್ವಾಸಕೋಶ ಮುದುಡಿಕೊಳ್ಳುತ್ತದೆ. ಮಾರ್ಫಿನ್ ಜಾಸ್ತಿ ಕೊಟ್ಟರೆ ನೋವು ಕಮ್ಮಿಯಾಗುತ್ತದೆ ನಿಜ, ಆದರೆ ಮಗು ತೂಕಡಿಸುತ್ತದೆ, ಉಸಿರಾಟವೂ ಮಂದವಾಗುತ್ತದೆ. ಅದಕ್ಕೇ ನನಗೆ ಬ್ಲಾಕ್ ಮೇಲೆ ಅಷ್ಟು ನಂಬಿಕೆ. ನೋವು ಹೊತ್ತು ತರುವ ನರಗಳನ್ನೇ ಸ್ವಲ್ಪ ಹೊತ್ತು ಮರಗಟ್ಟಿಸಿದರೆ ಮಗು ಎಚ್ಚರವಾಗಿಯೂ ಇರುತ್ತದೆ, ಆರಾಮಾಗಿಯೂ ಇರುತ್ತದೆ.

ಎರಡು ವರ್ಷದ ಒಬ್ಬ ಹುಡುಗ, ತೂಕ 10 ಕಿಲೋ. ನ್ಯುಮೋನಿಯಾ ಆದಮೇಲೆ ಶ್ವಾಸಕೋಶದ ಸುತ್ತ ಕೀವು ಕಟ್ಟಿತ್ತು. ಎದೆ ತೆರೆದು ಅದನ್ನು ತೆಗೆಯಬೇಕಿತ್ತು. ಎಪಿಡ್ಯೂರಲ್, ಅಂದರೆ ಬೆನ್ನುಹುರಿಯ ಸುತ್ತಲಿನ ಜಾಗಕ್ಕೆ ಔಷಧ ಬಿಡುವುದು, ಒಳ್ಳೆಯ ದಾರಿಯೇ, ಆದರೆ ಜ್ವರ, ಸೋಂಕು ಇರುವ ಮಗುವಿನ ಬೆನ್ನುಹುರಿಯ ಹತ್ತಿರ ಸೂಜಿ ಹಾಕಲು ನನಗೆ ಮನಸ್ಸಾಗಲಿಲ್ಲ. ಬೆನ್ನುಮೂಳೆಯ ಪಕ್ಕ ನರಗಳು ಹೊರಬರುವಲ್ಲಿ ಔಷಧ ಬಿಡುವ ಪ್ಯಾರಾವರ್ಟಿಬ್ರಲ್ ಬ್ಲಾಕ್ ಮಾಡೋಣ ಎಂದರೆ, ಆ ಜಾಗ ಕೀವು ತುಂಬಿದ ಪೊರೆಗೆ ಅಂಟಿಕೊಂಡೇ ಇದೆ. ಹಾಗಾಗಿ ಎರೆಕ್ಟರ್ ಸ್ಪೈನೆ ಬ್ಲಾಕ್ ಆರಿಸಿಕೊಂಡೆ. 2016ರಲ್ಲಿ ಮೊದಲು ಪ್ರಕಟವಾದ ವಿಧಾನ ಇದು. ಔಷಧ ಬೆನ್ನಿನ ಸ್ನಾಯುವಿನ ಕೆಳಗೆ, ಮೂಳೆಯ ಮೇಲೆ ಹರಡುತ್ತದೆ. ಬೆನ್ನುಹುರಿ, ಶ್ವಾಸಕೋಶ ಎರಡರಿಂದಲೂ ಸೂಜಿ ದೂರ.

ಮಗುವಿಗೆ ಪೂರ್ತಿ ಅರಿವಳಿಕೆ ಕೊಟ್ಟಮೇಲೇ ಬ್ಲಾಕ್ ಮಾಡಿದೆ. ಈ ವಯಸ್ಸಿನವರನ್ನು ಎಚ್ಚರದಲ್ಲಿ ಅಲ್ಲಾಡದೆ ಮಲಗಿಸಲು ಆಗಲ್ಲ ಅಲ್ವಾ? ಪಕ್ಕಕ್ಕೆ ಮಲಗಿಸಿ, ಬೆನ್ನುಮೂಳೆಯ ಪಕ್ಕ ಅಲ್ಟ್ರಾಸೌಂಡ್ ಪ್ರೋಬನ್ನು ಉದ್ದಕ್ಕೆ ಇಟ್ಟೆ. ಒಂದು ಸೆಂಟಿಮೀಟರಿಗಿಂತ ಸ್ವಲ್ಪ ಆಳದಲ್ಲೇ ಮೂಳೆಯ ತುದಿ ಕಂಡಿತು. ಸೂಜಿ ಅದಕ್ಕೆ ತಾಗಿದ ಕೂಡಲೇ ಅರ್ಧ ಮಿಲಿ ಸಲೈನ್ ಬಿಟ್ಟೆ. ಮಲಗಿದವರ ಮೇಲಿನ ಹೊದಿಕೆಯನ್ನು ಮೆಲ್ಲಗೆ ಎತ್ತಿದ ಹಾಗೆ ಸ್ನಾಯು ಮೂಳೆಯಿಂದ ಬಿಟ್ಟುಕೊಂಡಿತು, ನಡುವೆ ಒಂದು ಕಪ್ಪು ಗೆರೆ ಬಿಚ್ಚಿಕೊಂಡಿತು. ಆ ಗೆರೆ ಕಾಣದೆ ನಾನು ಔಷಧ ಹಾಕುವುದಿಲ್ಲ.

ನರ ಮರಗಟ್ಟಿಸುವ ಔಷಧ ಬುಪಿವಕೇನ್ ಕಿಲೋಗೆ 2.5 ಮಿಲಿಗ್ರಾಂ ದಾಟಬಾರದು. ಈ ಹುಡುಗನಿಗೆ ಅಂದರೆ 25 ಮಿಲಿಗ್ರಾಂ, 0.25% ಔಷಧದಲ್ಲಿ 10 ಮಿಲಿ. ನಾನು ಕೊಟ್ಟಿದ್ದು 5 ಮಿಲಿ, ಅದೂ ನಡುನಡುವೆ ಸಿರಿಂಜ್ ಹಿಂದಕ್ಕೆಳೆದು ರಕ್ತ ಬರುತ್ತಿಲ್ಲ ಎಂದು ನೋಡಿಕೊಂಡು. ಆಮೇಲೆ ಅದೇ ಜಾಗದಲ್ಲಿ ಬಿಡುವ ಸಣ್ಣ ನಳಿಕೆ, ಅಂದರೆ ಕ್ಯಾಥೆಟರ್‌ನಲ್ಲೂ ಔಷಧ ಹೋಗಬೇಕಲ್ಲ. ಲೆಕ್ಕವನ್ನು ನರ್ಸ್‌ಗೆ ಕೇಳುವ ಹಾಗೆ ಜೋರಾಗಿ ಹೇಳುತ್ತೇನೆ. ದಶಮಾಂಶದ ಚುಕ್ಕಿ ಒಂದು ಕಡೆ ಸರಿದರೆ ಇಷ್ಟು ಚಿಕ್ಕ ಹೃದಯ ತಡೆದುಕೊಳ್ಳುವುದಿಲ್ಲ. ಔಷಧ ರಕ್ತಕ್ಕೆ ಸೇರಿ ತೊಂದರೆಯಾದರೆ ಬೇಕಾಗುವ 20% ಲಿಪಿಡ್ (ಕೊಬ್ಬಿನ ದ್ರಾವಣ) ಬಾಟಲಿ ಕೈಗೆಟುಕುವಲ್ಲಿ ಇರಲೇಬೇಕು.

ಹಿಂದೆ ಒಂದು ಮಗುವಿನಲ್ಲಿ ನಾನು ಎಡವಿದ್ದೆ. ಕೊಯ್ದ ಜಾಗಕ್ಕೆ ಬ್ಲಾಕ್ ಚೆನ್ನಾಗಿ ಹಿಡಿದಿತ್ತು. ಆದರೂ ಮಗು ಮಗ್ಗುಲು ಬದಲಿಸಿದಾಗಲೆಲ್ಲ ಕಿರುಚುತ್ತಿತ್ತು. ಹೊದಿಕೆ ಸರಿಸಿ ನೋಡಿದರೆ ಎದೆಯೊಳಗಿನ ದ್ರವ ಹೊರಬರಲು ಹಾಕುವ ಡ್ರೈನ್ ಟ್ಯೂಬ್ ಎರಡು ಪಕ್ಕೆಲುಬು ಕೆಳಗೆ ಹೊರಬಂದಿತ್ತು. ನನ್ನ ಔಷಧ ಅಲ್ಲಿಯವರೆಗೆ ತಲುಪಿರಲಿಲ್ಲ. ಆ ಮಗು ಪಟ್ಟ ಕಷ್ಟ ನನಗೆ ಇನ್ನೂ ಮರೆತಿಲ್ಲ. ಅಂದಿನಿಂದ ಪ್ರೋಬ್ ಹಿಡಿಯುವ ಮೊದಲೇ ಸರ್ಜನ್‌ರನ್ನು ಕೇಳುತ್ತೇನೆ, "ಡ್ರೈನ್ ಎಲ್ಲಿ ಹಾಕ್ತೀರಾ ಸರ್?" ಈ ಹುಡುಗನಿಗೂ ಕೇಳಿಯೇ ಸೂಜಿಯ ಜಾಗವನ್ನು ಸ್ವಲ್ಪ ಕೆಳಗೆ ಇಳಿಸಿದೆ.

ಆಪರೇಷನ್ ಮುಗಿದ ಮೇಲೆ ಕ್ಯಾಥೆಟರ್‌ನಲ್ಲಿ ಬುಪಿವಕೇನ್ ತರಹದ್ದೇ ಔಷಧ 0.2% ರೋಪಿವಕೇನ್, ಗಂಟೆಗೆ 1.5 ಮಿಲಿ. ಜೊತೆಗೆ ಹೊತ್ತು ಹೊತ್ತಿಗೆ ಪ್ಯಾರಾಸಿಟಮಾಲ್. ನೋವು ಎಷ್ಟಿದೆ ಎಂದು ಹೇಳಲು ಮಗುವಿಗೆ ಬಾರದು. ಅದಕ್ಕೆ ಮುಖ, ಕಾಲು, ಮೈಯ ಚಲನೆ, ಅಳು, ಸಮಾಧಾನ ಆಗುವ ರೀತಿ ಈ ಐದನ್ನೂ ನೋಡಿ 10ಕ್ಕೆ ಅಂಕ ಹಾಕುವ ಫ್ಲ್ಯಾಕ್ ಸ್ಕೋರ್ ಇದೆ. ಸುಮ್ನೆ ಮಲಗಿದ್ದಾಗ ಮಾತ್ರ ಅಂಕ ಹಾಕಿದರೆ ಸಾಲದು, ಕೆಮ್ಮುವಾಗಲೂ ನೋಡಿ ಎಂದು ನರ್ಸ್‌ಗಳಿಗೆ ಹೇಳಿದ್ದೆ.

ರಾತ್ರಿ ರೌಂಡ್ಸ್‌ಗೆ ಹೋದಾಗ ತಾಯಿ ಗಾಬರಿಯಿಂದ ಎದ್ದು ನಿಂತರು. "ಡಾಕ್ಟ್ರೇ, ಒಂದೇ ಸಮ ಕೆಮ್ತಾ ಇದ್ದಾನೆ, ಏನಾದ್ರೂ ತೊಂದ್ರೆ ಆಯ್ತಾ?"

"ಇಲ್ಲಮ್ಮ, ಕೆಮ್ಮಲಿ. ನಮಗೆ ಬೇಕಾಗಿದ್ದೇ ಇದು" ಅಂದೆ. ಅವನು ಇನ್ನೊಮ್ಮೆ ಕೆಮ್ಮಿದ. ಕಫ ಎದ್ದ ಸದ್ದು ಕೇಳಿತು. ಮುಖ ಕಿವುಚಲಿಲ್ಲ. ತಾಯಿಯ ಸೆರಗು ಹಿಡಿದು ಆ ಕಡೆ ಹೊರಳಿ ಕಣ್ಣು ಮುಚ್ಚಿದ.