ಸ್ಟಾರ್ ಬಿದ್ದ ಹಾಪ್‌ಗಳ ಆಚೆ ಲಾಸ್ ಹಿಡಿದಿದ್ದು

ಶಿವಮೊಗ್ಗದ ಒಂದು ಅಡಿಕೆ ಮಂಡಿ. ಬಿಲ್ಲಿಂಗ್ ಸರ್ವರ್ ಇರೋದು ಬೆಂಗಳೂರಿನಲ್ಲಿ. ಒಂದು ಬಿಲ್ ಥಟ್ಟನೆ ಹೋಗುತ್ತಿತ್ತು, ಇನ್ನೊಂದು ಸುಮ್ನೆ ಸುತ್ತುತ್ತಾ ಇರುತ್ತಿತ್ತು. ಪ್ಯಾಕೆಟ್ ಯಾವ ರೂಟರ್ ದಾಟಿ ಹೋಗುತ್ತೆ ಅಂತ ತೋರಿಸೋ ಟ್ರೇಸ್ ಹಾಕಿದರೆ, 4ರಿಂದ 7ನೇ ಹಾಪ್‌ವರೆಗೆ (ದಾರಿಯ ಒಂದೊಂದು ರೂಟರ್ ಒಂದೊಂದು ಹಾಪ್) ಬರೀ ಸ್ಟಾರ್. ಉತ್ತರವೇ ಕೊಡದ ರೂಟರ್‌ಗಳ ನಡುವೆ ಟ್ರೇಸ್‌ನಿಂದ ಏನೂ ಸಿಗೋದಿಲ್ಲ, ನಿಮಗೇ ಮೀಸಲಾದ ಲೀಸ್ಡ್ ಲೈನ್ ಹಾಕಿಸಿ ಅಂತ ಎಲ್ಲರೂ ಹೇಳಿದರು. ತಿಂಗಳಿಗೆ ಹೆಚ್ಚುಕಮ್ಮಿ 35 ಸಾವಿರದ ಮಾತು. ಮಾಲೀಕರು ಅಷ್ಟರಲ್ಲಿ ಹೊಸ ರೂಟರ್‌ಗೆ ಎಂಟು ಸಾವಿರ ಸುರಿದಿದ್ದರು. ಏನೂ ಬದಲಾಗಿರಲಿಲ್ಲ.

ಪಿಂಗ್ ಪ್ಯಾಕೆಟ್ ಬಿಡೋ ವಿಂಡೋಸ್ ಟ್ರೇಸರ್ಟ್, ಆ ಸ್ಟಾರ್ ಬಿಟ್ಟರೆ, ಕೊನೆವರೆಗೂ ಚೊಕ್ಕ. ಲಿನಕ್ಸ್‌ನ ಮಾಮೂಲಿ ಟ್ರೇಸ್ ಬಿಡೋದು ಯುಡಿಪಿ ಅನ್ನೋ ಬೇರೆ ಬಗೆಯ ಪ್ಯಾಕೆಟ್, ಅದು ಸರ್ವರ್ ಮುಂದಿನ ಫೈರ್‌ವಾಲ್‌ನಲ್ಲೇ ಸತ್ತಿತು. ಟ್ರೇಸನ್ನೇ ಮತ್ತೆ ಮತ್ತೆ ಹಾಕೋ ಎಂಟಿಆರ್‌ನಲ್ಲಿ 9ನೇ ಹಾಪ್ ಶೇ. 60 ಲಾಸ್, ಅಂದರೆ ಪ್ಯಾಕೆಟ್ ಕಳೆದುಹೋಗೋದು, ತೋರಿಸಿತು, ಕೊನೆಯಲ್ಲಿ ಸೊನ್ನೆ. ಅದು ಲಾಸೇ ಅಲ್ಲ, ರೂಟರ್ ತನ್ನ ಉತ್ತರಕ್ಕೆ ಮಿತಿ ಹಾಕಿಕೊಂಡಿದೆ ಅಷ್ಟೆ. ಹಲವು ಲಿಂಕ್ ಒಟ್ಟಿಗೆ ಕಟ್ಟಿರೋ ಕಡೆ ಯಾವ ಪ್ಯಾಕೆಟ್ ಯಾವ ಲಿಂಕ್‌ಗೆ ಅಂತ ರೂಟರ್ ಸಾಮಾನ್ಯವಾಗಿ ಐಪಿ, ಪೋರ್ಟ್ ನಂಬರ್ ನೋಡಿ ಆರಿಸುತ್ತೆ. ಪಿಂಗ್‌ಗೆ ಪೋರ್ಟ್ ಇಲ್ಲ, ಹಾಗಾಗಿ ನಾಲ್ಕು ಲಿಂಕ್ ಇದ್ದರೂ ಅದು ಸಾಮಾನ್ಯವಾಗಿ ಒಂದರಲ್ಲೇ ಓಡುತ್ತೆ. ಆ ಒಂದು ಚೆನ್ನಾಗಿದ್ದರೆ ಮಿಕ್ಕದ್ದು ಕಾಣೋದೇ ಇಲ್ಲ, ಅಲ್ವಾ?

ಅದಕ್ಕೇ ಪೋರ್ಟ್ ಇರೋ ಟಿಸಿಪಿ ಪ್ಯಾಕೆಟ್‌ನ ಟ್ರೇಸ್, ಪೋರ್ಟ್ 443, ಜೊತೆಗೆ ಎಸ್‌ಪೋರ್ಟ್ ಅನ್ನೋ ಆಯ್ಕೆ ಕೊಟ್ಟು ಸೋರ್ಸ್ ಪೋರ್ಟ್, ಅಂದರೆ ನಮ್ಮ ಕಡೆಯ ಪೋರ್ಟ್, ಒಂದೊಂದು ಟ್ರೇಸ್‌ಗೆ ಒಂದರಂತೆ ಕಟ್ಟಿಹಾಕಿದೆ. ನ್ಯಾಟ್ (ಒಳಗಿನ ಐಪಿಯನ್ನು ಹೊರಗಿನದಕ್ಕೆ ಬದಲಿಸೋ ರೂಟರ್) ಹಿಂದೆ ಕೂತು ಮಾಡಬೇಡಿ, ಅದು ಪೋರ್ಟ್ ಬದಲಿಸಿಬಿಟ್ಟರೆ ಕೆಲಸ ಕೆಟ್ಟಿತು. ಎಸ್‌ಪೋರ್ಟ್ ಹಾಕಿದರೆ ಪ್ಯಾಕೆಟ್ ಒಂದೊಂದೇ ಹೋಗುತ್ತೆ, ಪ್ರತಿ ಸ್ಟಾರ್‌ಗೆ 5 ಸೆಕೆಂಡ್ ಕಾಯುತ್ತೆ. ಹಾಪ್‌ಗೆ ಮೂರು ಪ್ಯಾಕೆಟ್, ನಾಲ್ಕು ಮೂಕ ಹಾಪ್‌ಗೇ ಒಂದು ನಿಮಿಷ. ತಾಳ್ಮೆ ಬೇಕು.

ಸುಮಾರು 20 ಪೋರ್ಟ್‌ಗಳಲ್ಲಿ ಐದಾರು ಕೆಟ್ಟವು. ಪ್ರತಿ ಸಲವೂ ಅವೇ! ಒಳ್ಳೆಯ ಪೋರ್ಟ್‌ಗಳಲ್ಲಿ 8ನೇ ಹಾಪ್ ಬೇರೆ ಐಪಿಗಳು, ಕೆಟ್ಟವುಗಳಲ್ಲೆಲ್ಲ ಒಂದೇ ಐಪಿ, ಅಲ್ಲಿಂದ ಕೊನೆವರೆಗೂ ಲಾಸ್. ಮೂಕ ರೂಟರ್‌ಗಳು ಬಾಯಿ ಬಿಡಬೇಕಾಗಿಯೇ ಇರಲಿಲ್ಲ. ಪೋರ್ಟ್ ಆರಿಸೋಕೆ ನನ್ನದೊಂದು ಲೆಕ್ಕ ಇದೆ, ಅದು ನನ್ನ ಹತ್ತಿರವೇ ಇರಲಿ.

ನಡುವೆ ಎಂಟಿಯು, ಅಂದರೆ ಒಡೆಯದೆ ಹೋಗೋ ಪ್ಯಾಕೆಟ್‌ನ ಗರಿಷ್ಠ ಗಾತ್ರದ, ಅನುಮಾನವೂ ಬಂತು. ಲಾಗಿನ್ ಆಗಿ ಬಳಸೋ ಪಿಪಿಪಿಒಇ ಲೈನ್, ಅದರ ಮಿತಿ 1492, ಆದ್ದರಿಂದ ಒಡೆಯದಂತೆ 1464 ಬೈಟ್ ಪಿಂಗ್ ಬಿಟ್ಟೆ, ಹೆಡರ್‌ನ 28 ಸೇರಿ 1492. ಸಲೀಸಾಗಿ ಹೋಯಿತು. ಬೆಂಗಳೂರಿನಿಂದ ವಾಪಸ್ ಟ್ರೇಸ್ ಹಾಕಿದೆ, ಅದೂ ಚೊಕ್ಕ.

ಒಳ್ಳೆಯದೊಂದು, ಕೆಟ್ಟದ್ದೊಂದು ಟ್ರೇಸ್ ಅಕ್ಕಪಕ್ಕ ಇಟ್ಟು ಲೈನ್ ಕೊಟ್ಟವರಿಗೆ ಕಳಿಸಿದೆ. ಸಂಜೆಯೊಳಗೆ ಅವರು ಒಂದು ಲಿಂಕ್ ತೆಗೆದರು, ಕೆಟ್ಟ ಪೋರ್ಟ್‌ಗಳೆಲ್ಲ ಓಡತೊಡಗಿದವು. ಲೀಸ್ಡ್ ಲೈನ್ ಮಾತು ಅಲ್ಲಿಗೇ ನಿಂತಿತು. ನಾನು ತೆಗೆದುಕೊಂಡಿದ್ದು ಆರು ಸಾವಿರ, ಮಾಲೀಕರು ಅವತ್ತೇ ಕೊಟ್ಟರು.