ಡ್ರಾಕುಲಾದಲ್ಲಿ ಯಾರು ಉಳೀತಾರೆ? ಅಕ್ಕನ ಜೊತೆ ಕಟ್ಟಿದ ಪಂದ್ಯ

ಬ್ರಾಮ್ ಸ್ಟೋಕರ್‌ನ 1897ರ ‘ಡ್ರಾಕುಲಾ’ ಇಡೀ ದಿನಚರಿ, ಕಾಗದ, ಟೆಲಿಗ್ರಾಂ, ಪತ್ರಿಕೆಯ ತುಣುಕುಗಳಲ್ಲೇ ಇದೆ. ಮೊದಲ ತಾರೀಖು ಮೇ 3. ನಾನೂ ಅಕ್ಕನೂ ಆ ತಾರೀಖುಗಳಿಗೆ ಸರಿಯಾಗಿ ಓದುತ್ತಾ ಹೋದೆವು. ಯಾರು ಉಳಿಯುತ್ತಾರೆ, ಯಾರು ಸಾಯುತ್ತಾರೆ ಅಂತ ಮೊದಲೇ ನೋಟ್‌ಬುಕ್ಕಿನಲ್ಲಿ ಬರೆದಿಡಬೇಕು. ಇಬ್ಬರೂ ಸಿನಿಮಾ ನೋಡಿರಲಿಲ್ಲ. ಡ್ರಾಕುಲಾ ಸಾಯುತ್ತಾನೆ ಅನ್ನೋದಕ್ಕೆ ಮಾತ್ರ ಅಂಕ ಇಲ್ಲ, ಅದು ಯಾರಿಗೆ ಗೊತ್ತಿಲ್ಲ!

ನನ್ನ ಲೆಕ್ಕ ಸುಲಭ: ದಿನಚರಿ ಬರೆಯುವವರು ಸಾಯಲ್ಲ. ಕಥೆ ಹೇಳೋಕೆ ಅವರು ಬೇಕಲ್ವಾ?

ಡ್ರಾಕುಲಾನ ಕೋಟೆಯಲ್ಲಿ ಸಿಕ್ಕಿಬಿದ್ದ ಇಂಗ್ಲಿಷ್ ವಕೀಲ ಜೊನಾಥನ್, ಜೂನ್ 30ಕ್ಕೆ ಕೋಟೆಯ ಗೋಡೆ ಇಳಿಯುತ್ತೇನೆ ಅಂತ ಬರೆದು, ತಾನು ಮದುವೆಯಾಗಬೇಕಿದ್ದ ಮೀನಾಗೆ ವಿದಾಯ ಹೇಳಿ ನಿಲ್ಲಿಸಿಬಿಟ್ಟ. ಜುಲೈ ಪೂರ್ತಿ ಅವನ ದಿನಚರಿ ಇಲ್ಲ. ನನಗೆ ತಡೆಯಲಾಗಲಿಲ್ಲ, ‘ಹೋದ’ ಅಂತ ಬರೆದೆ. ಆಗಸ್ಟ್ 12ಕ್ಕೆ ಬುಡಾಪೆಸ್ಟಿನ ಆಸ್ಪತ್ರೆಯಿಂದ ಒಬ್ಬ ಸನ್ಯಾಸಿನಿಯ ಕಾಗದ ಬಂತು. ಆಸಾಮಿ ಬದುಕಿದ್ದಾನೆ! ನನ್ನ ಲೆಕ್ಕವನ್ನು ನಾನೇ ನಂಬದೆ ಅಂಕ ಕಳೆದುಕೊಂಡೆ.

ಮೀನಾಳ ಗೆಳತಿ, ಡ್ರಾಕುಲಾ ರಕ್ತ ಹೀರುತ್ತಿದ್ದ ಲೂಸಿ ವಿಷಯದಲ್ಲಿ ಅದೇ ಲೆಕ್ಕವನ್ನು ನಂಬಿ ಕೆಟ್ಟೆ. ಅವಳೂ ದಿನಚರಿ ಬರೆಯುತ್ತಿದ್ದಳು. ‘ಒಂದೇ ದಿನ ಮೂವರು ಮದುವೆಗೆ ಕೇಳಿದಾರೆ, ಇವಳು ಉಳಿಯಲ್ಲ ಕಣೋ’ ಅಂದಳು ಅಕ್ಕ. ನಾನು ಜಗ್ಗಲಿಲ್ಲ. ಸೆಪ್ಟೆಂಬರ್ 17ಕ್ಕೆ ಅವಳಿಗೆ ಚಿಕಿತ್ಸೆ ಕೊಡುತ್ತಿದ್ದ ವ್ಯಾನ್ ಹೆಲ್ಸಿಂಗ್ ಆಂಟ್‌ವರ್ಪ್‌ನಿಂದ ತನ್ನ ಹಳೆಯ ಶಿಷ್ಯ ಡಾಕ್ಟರ್ ಸೀವರ್ಡ್‌ಗೆ ಟೆಲಿಗ್ರಾಂ ಕಳಿಸುತ್ತಾನೆ: ಇವತ್ತು ರಾತ್ರಿ ಲೂಸಿ ಮನೆಯಲ್ಲೇ ಇರು. ವಿಳಾಸದಲ್ಲಿ ಕೌಂಟಿಯ, ಅಂದ್ರೆ ಜಿಲ್ಲೆಯ, ಹೆಸರಿಲ್ಲ. ಅದು ಸಸೆಕ್ಸ್‌ಗೆ ಹೋಗಿ, 22 ಗಂಟೆ ತಡವಾಗಿ ಸೀವರ್ಡ್ ಕೈ ಸೇರಿತು. ಇಡೀ ಪುಸ್ತಕದಲ್ಲಿ ನನಗೆ ಜಾಸ್ತಿ ಭಯ ಹುಟ್ಟಿಸಿದ್ದು ತೋಳವಲ್ಲ, ಬಾವಲಿಯಲ್ಲ, ಈ 22 ಗಂಟೆ. ತಕ್ಷಣ ರಬ್ಬರ್ ತಗೊಂಡು ಉಜ್ಜಿ ‘ಹೋದಳು’ ಅಂತ ತಿದ್ದಿದೆ. 20ಕ್ಕೆ ಲೂಸಿ ಸತ್ತಳು. ತಿದ್ದಿದ್ದಕ್ಕೆ ಅಂಕ ಇಲ್ಲ ಅಂತ ಅಕ್ಕ ಹಟ ಹಿಡಿದಳು.

ಆಮೇಲೆ ಪುಟ ಹಿಂದೆ ತಿರುವಿ, ದಿನಚರಿ ಇಲ್ಲದವರನ್ನು ಹುಡುಕಿದೆ. ಆರ್ಥರ್, ಕ್ವಿನ್ಸಿ. ಆರ್ಥರ್ ಆಗಲೇ ಅಪ್ಪನನ್ನೂ ಮದುವೆಯಾಗಬೇಕಿದ್ದ ಲೂಸಿಯನ್ನೂ ಕಳೆದುಕೊಂಡಿದ್ದ, ಅವನಿಗೆ ಇನ್ನೆಷ್ಟು ಹೊಡೆತ? ಉಳಿದವನು ಟೆಕ್ಸಾಸ್‌ನ ಕ್ವಿನ್ಸಿ. ಲೂಸಿಗೆ ರಕ್ತ ಕೊಟ್ಟ ನಾಲ್ವರಲ್ಲಿ ಕೊನೆಯವನು, ಮಾತು ಕಡಿಮೆ. ಸಭೆಯ ಮಧ್ಯೆ ಸುಮ್ನೆ ಎದ್ದುಹೋಗಿ, ಹೊರಗಿಂದ ಕಿಟಕಿಯ ಬಾವಲಿಗೆ ಗುಂಡು ಹಾರಿಸುವಂಥವನು. ‘ಕ್ವಿನ್ಸಿ ಹೋಗುತ್ತಾನೆ’ ಅಂತ ಪೆನ್ನಿನಲ್ಲೇ ಬರೆದೆ. ಅಕ್ಕ ಉಳಿಯುತ್ತಾನೆ ಅಂದಳು.

ನವೆಂಬರ್ 6, ಸೂರ್ಯ ಮುಳುಗುವ ಹೊತ್ತು. ಜೊನಾಥನ್‌ನ ಖುಕ್ರಿ (ಬಾಗಿದ ದೊಡ್ಡ ಚಾಕು) ಡ್ರಾಕುಲಾನ ಕುತ್ತಿಗೆಗೆ, ಕ್ವಿನ್ಸಿಯ ಚಾಕು ಎದೆಗೆ. ಅಷ್ಟರೊಳಗೆ ಕ್ವಿನ್ಸಿಯ ಪಕ್ಕೆಗೂ ಇರಿತ ಬಿದ್ದಿತ್ತು. ಡ್ರಾಕುಲಾನ ಶಾಪದ ಗುರುತಾಗಿದ್ದ ಮೀನಾಳ ಹಣೆಯ ಕಲೆ ಮಾಯವಾಗಿದ್ದನ್ನು ತೋರಿಸಿ ಅವನು ಸತ್ತ.

ಕೊನೆಯಲ್ಲೊಂದು ಟಿಪ್ಪಣಿ ಇದೆ, ಏಳು ವರ್ಷದ ನಂತರದ್ದು. ಜೊನಾಥನ್, ಮೀನಾ ದಂಪತಿಯ ಮಗ ಹುಟ್ಟಿದ್ದು ಕ್ವಿನ್ಸಿ ಸತ್ತ ತಾರೀಖಿಗೇ, ಮನೆಯಲ್ಲಿ ಅವನನ್ನು ಕರೆಯೋದೂ ಕ್ವಿನ್ಸಿ ಅಂತಲೇ. ‘ನೋಡು, ಉಳಿದ’ ಅಂತ ಅಕ್ಕ ಅರ್ಧ ಅಂಕ ಕೇಳಿದಳು. ನಾನು ಕೊಡಲಿಲ್ಲ.